ಲಾಳಿಗೆ ಮುತ್ತು

ನಮ್ಮೂರಿನ ಹೆಂಗಸರು ಗಂಡನಿಗಿಂತ ಹೆಚ್ಚು ಮುತ್ತು ಕೊಡುವುದು ಲಾಳಿಗೆ. ತಮಾಷೆಗೆ ಹೇಳುತ್ತಿಲ್ಲ. ಆ ಕೆಲಸದ ಹೆಸರೇ ಅದು, ಲಾಳಿಗೆ ಮುತ್ತು ಕೊಡುವುದು. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಇಟ್ಟವನು ಒಂದು ದಿನವೂ ಲಾಳಿಗೆ ಬಾಯಿ ತಾಗಿಸಿದವನಲ್ಲ ಎಂಬುದಂತೂ ಗೊತ್ತು.

ಮಗ್ಗದಲ್ಲಿ ಅಡ್ಡನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯೊಳಗೆ ಹೊಸ ಕಂಡಿಕೆ ಕೂರಿಸಬೇಕು. ಅದಕ್ಕೆ ಸುತ್ತಿದ ನೂಲಿನ ತುದಿ ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ಬರಬೇಕು. ಕೈಯಲ್ಲಿ ಪೋಣಿಸುತ್ತ ನಿಂತರೆ ಹೊತ್ತಾಗುತ್ತದೆ. ಅದಕ್ಕೇ ತೂತಿಗೆ ಬಾಯಿ ಇಟ್ಟು ಹೀರುವುದು. ನೂಲು ಬರುತ್ತದೆ. ಅದರ ಜೊತೆಗೆ ಹತ್ತಿಯ ಧೂಳು ಬರುತ್ತದೆ, ಗಂಜಿ ಬರುತ್ತದೆ, ಮಗ್ಗದ ಎಣ್ಣೆ ಬರುತ್ತದೆ. ನಮಗಿಂತ ಮುಂಚೆ ಹೀರಿದವಳ ಎಂಜಲೂ ಬರುತ್ತದೆ. ಎಲ್ಲ ಬಿಟ್ಟಿ. ಇದೊಂದಕ್ಕೆ ಧಣಿ ನಮ್ಮ ಕೂಲಿಯಲ್ಲಿ ಮುರಿದುಕೊಳ್ಳುವುದಿಲ್ಲ.

ಒಬ್ಬೊಬ್ಬಳಿಗೆ ನಾಲ್ಕು ಮಗ್ಗ. ಒಂದರ ಕಂಡಿಕೆ ಕೂರಿಸುವಷ್ಟರಲ್ಲಿ ಇನ್ನೊಂದರದು ಖಾಲಿ. ಬೆಳಗಿನಿಂದ ಸಂಜೆಯವರೆಗೆ ಹೀರುವುದೇ ಹೀರುವುದು. ಮೂವತ್ತು ತುಂಬುವ ಹೊತ್ತಿಗೆ ಮುಂದಿನ ಹಲ್ಲು ಕಪ್ಪಾಗುತ್ತವೆ, ಆಮೇಲೆ ಅಲ್ಲಾಡುತ್ತವೆ, ಆಮೇಲೆ ಇರುವುದಿಲ್ಲ. ನನ್ನ ಅಪ್ಪ ಜಾಣ. ನನ್ನ ಮದುವೆಗೆ ಮುಂಚೆಯೇ ಎಲ್ಲ ಹಲ್ಲು ಕೀಳಿಸಿ ಕಟ್ಟಿಸಿದ ಹಲ್ಲು ಉಡುಗೊರೆ ಕೊಟ್ಟ. ಮುಂದೆ ಹಲ್ಲುನೋವಿನ ಖರ್ಚು ಅಳಿಯನ ತಲೆಗೆ ಬರಬಾರದು ನೋಡಿ. ಇಂಗ್ಲೆಂಡಿನ ನಮ್ಮ ಲ್ಯಾಂಕಾಶೈರಿನಲ್ಲಿ ಇದು ಒಳ್ಳೆಯ ಮನೆತನದ ಲಕ್ಷಣ. ಮದುವೆಯ ದಿನ ನಾನು ಗಂಜಿ ಕುಡಿದೆ. ಬಂದವರು ಹಂದಿಮಾಂಸ ತಿಂದರು.

ಆ ಹಲ್ಲನ್ನು ನಾನು ಕೆಲಸದ ಹೊತ್ತಿನಲ್ಲಿ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೀರುವಾಗ ಕಳಚಿಕೊಳ್ಳುತ್ತದೆ. ಏಪ್ರನ್ ಜೇಬಿನಲ್ಲಿರುತ್ತದೆ. ಭಾನುವಾರ ಪ್ರಾರ್ಥನೆಗೆ ಹೋಗುವಾಗ ಹಾಕಿಕೊಳ್ಳುತ್ತೇನೆ. ದೇವರ ಮುಂದೆ ಬೊಚ್ಚುಬಾಯಿ ಚೆನ್ನಾಗಿರುವುದಿಲ್ಲ.

ನನ್ನ ಹೆಸರು ಟೇಮರ್ ಹಿಂಡಲ್. ಕ್ಲಫ್‌ಬ್ರಿಜ್ ಊರಿನ ಥಾರ್ನ್‌ಲೀ ಧಣಿಯ ಮಿಲ್ಲಿನಲ್ಲಿ ನೇಯುತ್ತೇನೆ. ನಾನು ಹೇಳಬೇಕೆಂದಿರುವುದು ಹೊಸ ರಾಜನಿಗೆ ಪಟ್ಟ ಕಟ್ಟಿದ ವರ್ಷದ ಮಾತು. ಆ ವರ್ಷ ನಮಗೆಲ್ಲ ರಾಜನ ಚಿತ್ರವಿರುವ ಒಂದೊಂದು ಪಿಂಗಾಣಿ ಲೋಟ ಕೊಟ್ಟರು. ಸೆಲೀನಾ ಕ್ಯಾಟ್ಲೋ ಆ ಲೋಟದಲ್ಲೇ ರಕ್ತ ಉಗುಳಿದಳು.

ಸೆಲೀನಾ ನನ್ನ ಪಕ್ಕದ ಮಗ್ಗದವಳು. ಹತ್ತಿ ಒಣಗಿ ಎಳೆ ತುಂಡಾಗಬಾರದು ಎಂದು ನಮ್ಮ ಶೆಡ್ಡಿಗೆ ಹಬೆ ಬಿಡುತ್ತಾರೆ. ನೂಲಿಗೆ ನೆಗಡಿಯಾಗದಂತೆ ನೋಡಿಕೊಳ್ಳುವ ಧಣಿ ಅವನು. ಆ ಹಬೆಯಲ್ಲಿ ಒದ್ದೆಯಾಗಿ ಹೊರಗಿನ ಚಳಿಗೆ ಹೋಗಿ ಬಂದು ಸೆಲೀನಾ ಕೆಮ್ಮಿದಳು. ಕೆಮ್ಮುತ್ತಲೇ ಹೀರಿದಳು. ಹೀರುತ್ತಲೇ ನೇಯ್ದಳು. ಕೊನೆಗೆ ಒಂದು ಶನಿವಾರ ಮಲಗಿದವಳು ಏಳಲಿಲ್ಲ. ಕ್ಷಯ ಎಂದರು. ಗೋರಿಗುಡ್ಡಕ್ಕೆ ಹೊತ್ತುಕೊಂಡು ಹೋದೆವು. ಸೋಮವಾರ ಅವಳ ನಾಲ್ಕು ಮಗ್ಗಗಳನ್ನು ನನ್ನ ತಂಗಿ ಹೆಸ್ಟರ್‌ಗೆ ಕೊಟ್ಟರು. ಮಗ್ಗದ ಜೊತೆಗೆ ಲಾಳಿಗಳನ್ನೂ ಕೊಟ್ಟರು. ಸೆಲೀನಾಳ ಬಾಯಿ ತಾಗಿದ ಅದೇ ಲಾಳಿಗಳು.

ನಾನು ಮೇಸ್ತ್ರಿ ಎನಕ್ ಪಿಲ್ಲಿಂಗ್ ಹತ್ತಿರ ಹೋದೆ. ನಮ್ಮ ಕಡೆ ಮೇಸ್ತ್ರಿಗಳ ದಡ್ಡತನದ ಬಗ್ಗೆ ಜನ ಕತೆ ಕಟ್ಟಿ ನಗುತ್ತಾರೆ. ಎನಕ್ ಅಂಥ ಕತೆಗಳಿಗೆ ಸಾಮಗ್ರಿ ಒದಗಿಸುವವನು. ಒಮ್ಮೆ ಮನೆಯಲ್ಲಿ ಕಿಟಕಿ ಸಣ್ಣದಾಯಿತೆಂದು ದೊಡ್ಡ ಪರದೆ ಹೊಲಿಸಿದ್ದ. ಕೆಟ್ಟವನೇನಲ್ಲ.

"ಲಾಳಿ ಬದಲಾಯ್ಸು ಎನಕ್. ಅವು ಸತ್ತವಳವು."

"ಮರಕ್ಕೇನು ರೋಗವೇ ಟೇಮರ್? ಏಪ್ರನ್ನಲ್ಲಿ ಒರಸ್ಕೊಳಕ್ಕೆ ಹೇಳು."

"ನಿನ್ ಹೆಂಡ್ತೀನ ಕರ್ಕೊಂಡ್ ಬಾ, ಒರಸಿ ಕೊಡ್ತೀನಿ, ಅವಳು ಹೀರ್ಲಿ."

ಎನಕ್ ತಲೆ ಕೆರೆದುಕೊಂಡ. "ಹೊಸದು ಬೇಕಂದ್ರೆ ಧಣೀನೇ ಕೇಳ್ಬೇಕು ಕಣಮ್ಮ. ನಾನು ಕೇಳಿದ್ರೆ ನನ್ ಹೊಟ್ಟೆಗೇ ಕಲ್ಲು."

ನದಿಯ ಆಚೆಯ ಮಿಲ್ಲಿನಲ್ಲಿ ಕೈಯಲ್ಲೇ ಪೋಣಿಸುವ ಹೊಸ ಲಾಳಿ ತಂದಿದ್ದರು. ಪಕ್ಕದಲ್ಲಿ ಸೀಳು ಇರುತ್ತದೆ, ನೂಲನ್ನು ಅದರಲ್ಲಿ ಎಳೆದರೆ ಆಯಿತು. ಅಂಥದನ್ನೇ ನಮಗೂ ಕೊಡಿ ಎಂದು ನಾವು ಕೆಲವರು ಧಣಿಯ ಆಫೀಸಿಗೆ ಹೋಗಿ ನಿಂತೆವು. ಥಾರ್ನ್‌ಲೀ ಧಣಿ ಕುರ್ಚಿಯಿಂದ ಏಳಲಿಲ್ಲ. ನಮಗೆ ಕುರ್ಚಿ ಇರಲಿಲ್ಲ.

"ಬಾಯಲ್ಲಿ ಹೀರೋದು ನಿಮಗೇ ಇಷ್ಟ ಅಂತ ಕೇಳಿದ್ದೆ" ಎಂದ.

"ಯಾರು ಹೇಳಿದ್ದು ಧಣೀ?"

"ಎಲ್ಲರಿಗೂ ಗೊತ್ತಿರೋದೇ. ಅಭ್ಯಾಸವಾಗಿದೆ ನಿಮಗೆ. ಅದರಿಂದ ತೊಂದರೆ ಇದೆ ಅಂತ ಯಾವ ಡಾಕ್ಟರು ಹೇಳಿದ್ದಾರೆ?"

"ಸೆಲೀನಾ ಹೇಳಿದ್ಲು" ಎಂದಳು ಹೆಸ್ಟರ್.

"ಅವಳು ಡಾಕ್ಟರೇ?"

"ಅಲ್ಲ ಧಣೀ. ಸತ್ತವಳು."

ಧಣಿಗೆ ನನ್ನ ತಂಗಿಯ ಬಾಯಿ ಹಿಡಿಸಲಿಲ್ಲ. ಆದರೆ ಒಂದು ಉಪಾಯ ಹೊಳೆಯಿತು. ತಾನೇ ಒಬ್ಬ ಡಾಕ್ಟರನ್ನು ಮ್ಯಾಂಚೆಸ್ಟರಿನಿಂದ ಕರೆಸುತ್ತೇನೆ, ಅವರು ಬಂದು ಕಣ್ಣಾರೆ ನೋಡಿ ಹೇಳಲಿ, ಅಲ್ಲಿಯವರೆಗೆ ಸುಮ್ಮನೆ ಕೆಲಸ ಮಾಡಿ, ಬಾಯಿ ಇಡದವಳಿಗೆ ಈ ಮಿಲ್ಲಿನಲ್ಲಿ ಜಾಗವಿಲ್ಲ ಎಂದ. ಒಂದು ಮಿಲ್ಲಿನಿಂದ ಹೊರಬಿದ್ದವಳಿಗೆ ಇನ್ನೊಂದರಲ್ಲಿ ಬಾಗಿಲು ತೆರೆಯುವುದಿಲ್ಲ. ಧಣಿಗಳೆಲ್ಲ ಒಂದೇ ಕ್ಲಬ್ಬಿನಲ್ಲಿ ಊಟ ಮಾಡುತ್ತಾರೆ. ಹೆಸ್ಟರ್‌ಳ ಗಂಡ ಗಣಿಯಲ್ಲಿ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಅವಳು ಲಾಳಿಯನ್ನು ಒರೆಸಿಕೊಂಡಳು, ಕಣ್ಣು ಮುಚ್ಚಿದಳು, ಹೀರಿದಳು. ಸಂಜೆ ಮನೆಗೆ ಹೋಗಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳುತ್ತಿದ್ದಳು. ಅವಳು ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ನಾನು ಬೆಚ್ಚಿಬೀಳುತ್ತಿದ್ದೆ. ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಗಿತ್ತು. ನನಗಿರುವುದು ಒಬ್ಬಳೇ ತಂಗಿ.

ಡಾಕ್ಟರು ಬರುವ ದಿನ ಗೊತ್ತಾಯಿತು. ಹಿಂದಿನ ಸಂಜೆ ನಮ್ಮ ಕೈಯಿಂದಲೇ ಶೆಡ್ಡಿನ ಕಸ ಹೊಡೆಸಿದರು. ಭಾನುವಾರದ ರವಿಕೆ ಹಾಕಿಕೊಂಡು ಬನ್ನಿ ಎಂದರು. ಕಿಟಕಿಗಳನ್ನು ತೊಳೆದರು. ಹಬೆಯನ್ನು ಅರ್ಧ ಮಾಡಿದರು. ಕೆಮ್ಮುವವರಿಗೆ ಆ ದಿನ ಮನೆಯಲ್ಲಿರಲು ಹೇಳಿದರು. ಇಷ್ಟೆಲ್ಲ ಮಾಡಿದವರು ಲಾಳಿ ಮಾತ್ರ ಬದಲಾಯಿಸಲಿಲ್ಲ.

ಧಣಿಯದು ಇನ್ನೊಂದು ಜಾಣತನವಿತ್ತು. ಡಾಕ್ಟರು ಬಂದಾಗ ಎಲ್ಲ ಮಗ್ಗಗಳೂ ಓಡುತ್ತಿರಬೇಕು ಎಂದು ಎನಕ್‌ಗೆ ಹೇಳಿದ್ದ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ಪಕ್ಕದವನ ಕಿವಿಯಲ್ಲಿ ಕಿರುಚಿದರೂ ಕೇಳಿಸುವುದು ಅಷ್ಟಕ್ಕಷ್ಟೇ. ನಾವು ಯಾರೂ ಡಾಕ್ಟರಿಗೆ ದೂರು ಹೇಳುವಂತಿಲ್ಲ. ಕೇಳಿಸಿದರೆ ತಾನೆ?

ಇಲ್ಲೇ ಧಣಿ ಎಡವಿದ್ದು.

ನಮಗೆ ಕಿವಿ ಯಾವತ್ತೋ ಮಂದವಾಗಿದೆ. ಮಗ್ಗಕ್ಕೆ ಬಂದ ಮೊದಲ ವರ್ಷವೇ ಅರ್ಧ ಹೋಗುತ್ತದೆ. ನಾವು ಮಾತಾಡುವುದು ತುಟಿಯಲ್ಲಿ. ದನಿ ಇಲ್ಲ, ತುಟಿಯನ್ನು ಅಗಲವಾಗಿ ಆಡಿಸುತ್ತೇವೆ, ಹುಬ್ಬು ಏರಿಸುತ್ತೇವೆ, ನೋಡುವವಳು ಓದಿಕೊಳ್ಳುತ್ತಾಳೆ. ಶೆಡ್ಡಿನ ಈ ಮೂಲೆಯಿಂದ ಆ ಮೂಲೆಗೆ ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಯಾರ ಗಂಡ ಎಷ್ಟು ಕುಡಿದ, ಯಾರ ಮನೆಯಲ್ಲಿ ಆಲೂಗಡ್ಡೆ ಕಡುಬು ಸೀದಿತು, ಎಲ್ಲ ಹೋಗುತ್ತದೆ. ಹಳೆಯ ಥಾರ್ನ್‌ಲೀ, ಅಂದರೆ ಈ ಧಣಿಯ ಅಪ್ಪ, ಮಗ್ಗದಿಂದಲೇ ಮೇಲೆ ಬಂದವನು. ಅವನಿಗೆ ತುಟಿಮಾತು ಬರುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತೇ ನಮಗೆ ತುಟಿಯಲ್ಲಿ ಬಯ್ಯುತ್ತಿದ್ದ, ನಾವೂ ತುಟಿಯಲ್ಲೇ ತಿರುಗಿಸಿ ಬಯ್ಯುತ್ತಿದ್ದೆವು. ಮಗನನ್ನು ದೂರದ ದೊಡ್ಡ ಶಾಲೆಗೆ ಹಾಕಿದ. ಅಲ್ಲಿ ಲ್ಯಾಟಿನ್ ಕಲಿಸಿದರು, ಕುದುರೆ ಹತ್ತಲು ಕಲಿಸಿದರು. ಅವನಿಗೆ ಅನ್ನ ಹಾಕುವ ಜನರ ಮಾತು ಕಲಿಸಲಿಲ್ಲ.

ಡಾಕ್ಟರು ಬಂದರು. ಎತ್ತರದ ಟೋಪಿ, ಬಿಳಿ ಮೀಸೆ, ಮೂಗಿನ ಹತ್ತಿರ ಕರ್ಚೀಫು. ಧಣಿ ಅವರನ್ನು ನನ್ನ ಮತ್ತು ಹೆಸ್ಟರ್‌ಳ ಮಗ್ಗಗಳ ನಡುವಿನ ಓಣಿಯ ತುದಿಗೆ ಕರೆತಂದು ನಿಲ್ಲಿಸಿದ. ಗದ್ದಲದಲ್ಲಿ ಡಾಕ್ಟರಿಗೆ ಕೇಳಿಸಲಿ ಎಂದು ಧಣಿ ಒಂದೊಂದು ಮಾತನ್ನೂ ಬಾಯಿ ಅಗಲಿಸಿ ಬಿಡಿಬಿಡಿಯಾಗಿ ಆಡುತ್ತಿದ್ದ. ಮಗುವಿಗೆ ಪಾಠ ಹೇಳಿದಂತೆ ಇತ್ತು. ಇಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ತುಟಿಮಾತು ಆಡಿದ್ದಿಲ್ಲ.

"ಈ ಹೆಂಗಸರಿಗೆ ಹಲ್ಲೇ ಇಲ್ಲವಲ್ಲ!" ಎಂದರು ಡಾಕ್ಟರು, ಕರ್ಚೀಫು ಇಳಿಸಿ, ಅವರೂ ಅಷ್ಟೇ ಬಾಯಿ ಅಗಲಿಸಿ.

"ಅದು ಇವರ ಪದ್ಧತಿ. ಮದುವೆಗೆ ಕೀಳಿಸ್ಕೋತಾರೆ. ಗಂಡಂದಿರಿಗೂ ಒಳ್ಳೇದು, ಕಚ್ಚೋದಿಲ್ಲ."

ಇಬ್ಬರೂ ನಕ್ಕರು.

ಎನಕ್ ಧಣಿಯ ಹಿಂದೆ ನಿಂತಿದ್ದ. ಅವನ ಹೆಂಡತಿಯೂ ನೇಯ್ದವಳೇ, ಅವನಿಗೆ ತುಟಿಮಾತು ಗೊತ್ತು. ನಮ್ಮ ಮುಖ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಧಣಿಯ ಮುಂದೆ ಬಂದು ತನ್ನ ಬಾಯಿಯ ಮೇಲೆ ಕೈ ಇಟ್ಟು ಕಣ್ಣರಳಿಸಿ ತಲೆ ಅಲ್ಲಾಡಿಸಿದ. ಮುಚ್ಚಿ ಧಣೀ, ಮುಚ್ಚಿ ಎಂದು.

"ನೋಡಿ, ನನ್ನ ಮೇಸ್ತ್ರಿಗೂ ಹಲ್ಲುನೋವು" ಎಂದ ಧಣಿ ಡಾಕ್ಟರಿಗೆ. "ಅವನು ಲಾಳಿ ಹೀರೋದಿಲ್ಲ. ಹಾಗಾದ್ರೆ ಲಾಳಿಯಿಂದ ಹಲ್ಲು ಕೆಡುತ್ತೆ ಅನ್ನೋದು ಸುಳ್ಳೇ ತಾನೆ?"

"ಸತ್ತ ಹೆಂಗಸು ಇದ್ದಳಲ್ಲ, ಕ್ಷಯದವಳು. ಅವಳ ಲಾಳಿಗಳನ್ನ ಸುಟ್ಟಿರಾ?"

"ಸುಡೋದೇ? ಒಳ್ಳೇ ಗಟ್ಟಿ ಮರ. ಅಗೋ, ಬೆನ್ನು ತಿರುಗಿಸಿ ನಿಂತಿದ್ದಾಳಲ್ಲ, ಅವಳಿಗೆ ಕೊಟ್ಟಿದ್ದೀನಿ. ಬಹಳ ಬಾಯಿ ಅವಳದು. ಮುಂದಿನ ಚಳಿಗಾಲಕ್ಕೂ ಅವಳು ನಿಂತಿದ್ರೆ ನಿಮ್ಮ ವರದಿ ಸರಿ. ಬಿದ್ದುಹೋದ್ರೆ ನನಗೆ ಒಂದು ಕಿರಿಕಿರಿ ಕಮ್ಮಿ."

ನಾನು ಅದನ್ನು ಓದಿದೆ. ನನ್ನ ಎದುರಿನ ಮಗ್ಗದ ಪೇಶನ್ಸ್ ಓದಿದಳು. ಅವಳ ಹಿಂದಿನ ಇಡೀ ಸಾಲು ಓದಿತು. ಓದದೆ ಉಳಿದವಳು ಹೆಸ್ಟರ್ ಒಬ್ಬಳೇ. ಅವಳು ಆ ಕಡೆ ತಿರುಗಿದ್ದಳು. ಕೈಯಲ್ಲಿ ಸೆಲೀನಾಳ ಲಾಳಿ. ಹೊಸ ಕಂಡಿಕೆ ಕೂರಿಸಿದಳು. ಬಾಯಿಯ ಹತ್ತಿರ ತಂದಳು.

ಕೂಗಿದರೆ ಕೇಳಿಸುವುದಿಲ್ಲ. ಕೈಗೆ ಸಿಕ್ಕ ಕಂಡಿಕೆಯನ್ನು ತೆಗೆದು ಬೀಸಿ ಒಗೆದೆ. ಅವಳ ಭುಜಕ್ಕೆ ತಾಗಿತು. ಸಿಟ್ಟಿನಿಂದ ತಿರುಗಿದಳು.

"ಬಾಯಿ ಇಡಬೇಡ" ಎಂದೆ ತುಟಿಯಲ್ಲಿ.

"ಯಾಕೆ?"

ಧಣಿ ಹೇಳಿದ್ದನ್ನು ಹಾಗೇ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಅವಳು ಲಾಳಿಯನ್ನು ಬಾಯಿಯಿಂದ ದೂರ ಹಿಡಿದಳು. ಧಣಿಯನ್ನು ನೋಡಿದಳು. ಕೈ ಕೆಳಗಿಳಿಸಿದಳು.

"ಹೀರಲ್ಲ" ಎಂದಳು.

ಪೇಶನ್ಸ್ ಅದನ್ನು ಹಿಂದಿನ ಸಾಲಿಗೆ ಕೊಟ್ಟಳು. ಹಿಂದಿನ ಸಾಲು ಅದರ ಹಿಂದಿನದಕ್ಕೆ. ಶೆಡ್ಡಿನ ತುಂಬ ಹೆಂಗಸರ ಬಾಯಿಗಳು ದನಿಯಿಲ್ಲದೆ ತೆರೆದು ಮುಚ್ಚುತ್ತಿದ್ದವು. ಡಾಕ್ಟರಿಗೆ ಆಶ್ಚರ್ಯವಾಯಿತು.

"ಇವರು ಏನು ಮಾಡ್ತಿದ್ದಾರೆ?"

"ಹಾಡ್ತಿದ್ದಾರೆ" ಎಂದ ಧಣಿ. "ದೇವರ ಹಾಡು. ಬಹಳ ಸಂತೋಷದ ಜನ."

ಮಗ್ಗಕ್ಕೆ ನಾವು ಏನೂ ಮಾಡಲಿಲ್ಲ. ಯಾರೂ ಕಲ್ಲು ಹೊಡೆಯಲಿಲ್ಲ, ಮಗ್ಗ ಎಳೆಯುವ ಪಟ್ಟಿ ಕತ್ತರಿಸಲಿಲ್ಲ. ಸುಮ್ಮನೆ ಕೈ ಕಟ್ಟಿ ನಿಂತೆವು. ಲಾಳಿಯಲ್ಲಿ ನೂಲು ಮುಗಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಹೆಸ್ಟರ್‌ಳದು ಒಂದು ನಿಂತಿತು. ಆಮೇಲೆ ನನ್ನದು. ಆಮೇಲೆ ಪೇಶನ್ಸ್‌ದು ಎರಡು. ಎನಕ್ ಸ್ಪ್ಯಾನರ್ ಹಿಡಿದು ಓಡಿದ. ಒಂದರ ಅಡಿಗೆ ತೂರಿ ನೋಡಿದ, ಇನ್ನೊಂದಕ್ಕೆ ಎಣ್ಣೆ ಬಿಟ್ಟ, ಮೂರನೆಯದಕ್ಕೆ ಒದ್ದ. ಅವನ ಹಿಂದೆ ಆರು ನಿಂತವು. ಗದ್ದಲ ತೆಳ್ಳಗಾಗುತ್ತ ಬಂತು. ಕೊನೆಗೆ ಮೇಲೆ ಚಕ್ರದ ಪಟ್ಟಿಗಳು ಸುಮ್ಮನೆ ತಿರುಗುವ ಸದ್ದು ಮಾತ್ರ ಉಳಿಯಿತು. ಹಗಲು ಹೊತ್ತಿನಲ್ಲಿ ಆ ಶೆಡ್ಡು ಹಾಗೆ ಇದ್ದದ್ದನ್ನು ನಾನು ಕಂಡಿರಲಿಲ್ಲ.

"ಏನಾಯ್ತು ಪಿಲ್ಲಿಂಗ್? ಎಂಜಿನ್ ಕೆಟ್ಟಿತಾ?" ಎಂದ ಧಣಿ.

ನಾನು ಜೇಬಿನಿಂದ ಹಲ್ಲು ತೆಗೆದು ಹಾಕಿಕೊಂಡೆ. ಧಣಿಯ ಹತ್ತಿರ ಮಾತಾಡುವಾಗ ಉಚ್ಚಾರ ಸ್ಪಷ್ಟವಾಗಿರಬೇಕು.

"ಎಂಜಿನ್ ಚೆನ್ನಾಗಿದೆ ಧಣೀ. ನಾವು ಕೆಟ್ಟಿದೀವಿ" ಎಂದೆ. ಕಿವುಡಿಯಲ್ಲವೇ, ದನಿ ಎಷ್ಟು ಜೋರಿತ್ತೋ ನನಗೆ ಗೊತ್ತಿಲ್ಲ. ಡಾಕ್ಟರು ಬೆಚ್ಚಿ ಹಿಂದಕ್ಕೆ ಹೋದರು. "ಹೆಸ್ಟರ್ ಚಳಿಗಾಲದವರೆಗೆ ನಿಂತಿರ್ತಾಳೋ ಬಿದ್ದುಹೋಗ್ತಾಳೋ ನೋಡ್ಬೇಕು ಅಂದ್ರಲ್ಲ. ಅವಳು ಬಿದ್ರೆ ಕಿರಿಕಿರಿ ಕಮ್ಮಿ ಅಂದ್ರಲ್ಲ. ನಮ್ಮ ಗಂಡಂದಿರನ್ನ ನಾವು ಕಚ್ಚಲ್ಲ ಅಂದ್ರಲ್ಲ."

ಧಣಿಯ ಬಾಯಿ ತೆರೆದೇ ಇತ್ತು. ಇದು ಹೇಗೆ ಕೇಳಿಸಿತು ಎಂದು ಅವನು ಚಾವಣಿ ನೋಡಿದ, ಗೋಡೆ ನೋಡಿದ, ಎನಕ್‌ನನ್ನು ನೋಡಿದ.

"ಅದನ್ನೇ ಧಣೀ ನಾನು ಹೇಳಕ್ ಬಂದಿದ್ದು" ಎಂದ ಎನಕ್. "ಹಲ್ಲುನೋವಲ್ಲ."

ಹೆಸ್ಟರ್ ಓಣಿಯಲ್ಲಿ ನಡೆದು ಬಂದಳು. ಅವಳ ಮರದ ಅಟ್ಟೆಯ ಬೂಟುಗಳ ಸದ್ದು ಕಲ್ಲುನೆಲದ ಮೇಲೆ ಟಕ ಟಕ ಎಂದು ಧಣಿಗೂ ಡಾಕ್ಟರಿಗೂ ಕೇಳಿಸಿತಂತೆ. ಸೆಲೀನಾಳ ಲಾಳಿಯನ್ನು ಎರಡು ಕೈಯಲ್ಲಿ ಹಿಡಿದು ಧಣಿಯ ಮುಂದೆ ಚಾಚಿದಳು.

"ತೊಂದರೆ ಇಲ್ಲ ಅಂದ್ರಲ್ಲ. ಒಂದು ಮುತ್ತು ಕೊಡಿ ಧಣೀ. ಒಂದೇ ಒಂದು. ನಾನು ಆಮೇಲೆ ಸಾಯೋವರೆಗೆ ಕೊಡ್ತೀನಿ."

"ಇದು ಅಧಿಕಪ್ರಸಂಗ!"

"ಅಧಿಕ ಬೇಡ. ಸ್ವಲ್ಪ ಹೀರಿದ್ರೂ ನೂಲು ಬರುತ್ತೆ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಧಣಿ ಎನಕ್ ಕಡೆ ತಿರುಗಿದ. "ಪಿಲ್ಲಿಂಗ್, ನೀನು ಹೀರಿ ತೋರ್ಸು ಇವರಿಗೆ."

ಎನಕ್ ಲಾಳಿ ತೆಗೆದುಕೊಂಡ. ತೂತನ್ನು ನೋಡಿದ. ಅದರ ಸುತ್ತ ಮರ ಸವೆದು ನುಣ್ಣಗಾಗಿತ್ತು, ಬಾಯಿ ಇಟ್ಟು ಇಟ್ಟು. ಹೀರುತ್ತಾನೆ ಎಂದುಕೊಂಡೆ. ಜೀವಮಾನದಲ್ಲಿ ಧಣಿ ಹೇಳಿದ್ದನ್ನು ಮಾಡದೆ ಬಿಟ್ಟವನಲ್ಲ.

"ಇದು ಸೆಲೀನಾದು ಧಣೀ" ಎಂದ. ಅಷ್ಟು ಹೇಳಿ ಹೆಸ್ಟರ್‌ಳ ಕೈಗೇ ತಿರುಗಿ ಕೊಟ್ಟ. ಇನ್ನು ಮೇಲೆ ಅವನ ಮೇಲೆ ಕತೆ ಕಟ್ಟುವುದಿಲ್ಲ ಎಂದು ನಾನು ಆಗಲೇ ನಿರ್ಧರಿಸಿದೆ. ಪರದೆಯದೊಂದನ್ನು ಬಿಟ್ಟು.

ಹೆಸ್ಟರ್ ಡಾಕ್ಟರ ಕಡೆ ತಿರುಗಿದಳು. "ನೀವಾದ್ರೂ ನೋಡಿ ಸ್ವಾಮಿ. ಪರೀಕ್ಷೆ ಮಾಡಕ್ಕೆ ಬಂದಿದೀರಿ."

ಡಾಕ್ಟರು ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದುಕೊಂಡರು. ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅವರು ಮಾಡಿದ ಪರೀಕ್ಷೆಯೆಂದರೆ ಅದೇ. ಇಡೀ ಶೆಡ್ಡು ಅದನ್ನು ಕಣ್ಣಾರೆ ನೋಡಿತು.

"ಹೊರಗೆ ನಡೀರಿ! ಬಾಯಿ ಇಡದವರೆಲ್ಲ ಹೊರಗೆ!" ಎಂದು ಧಣಿ ಕಿರುಚಿದ. ಇಬ್ಬರೋ ಮೂವರೋ ಹೋಗುತ್ತಾರೆ ಎಂದುಕೊಂಡಿದ್ದನೇನೋ. ನಾವೆಲ್ಲ ಗೂಟದಿಂದ ಶಾಲು ತೆಗೆದು ಹೊದ್ದುಕೊಂಡೆವು. ಹೆಸ್ಟರ್ ಸೆಲೀನಾಳ ಲಾಳಿಗಳನ್ನೆಲ್ಲ ಆಯ್ದು ಏಪ್ರನ್ನಿಗೆ ಹಾಕಿಕೊಂಡಳು.

"ಅದು ಮಿಲ್ಲಿನ ಮಾಲು ಕಣೇ" ಎಂದೆ ನಾನು.

"ಸೆಲೀನಾ ಹಲ್ಲೂ ಮಿಲ್ಲಲ್ಲೇ ಉದುರಿವೆ. ಲೆಕ್ಕ ಸರಿಹೋಯ್ತು" ಎಂದಳು.

ಆ ಸಂಜೆ ಅವು ಅವಳ ಮನೆಯ ಒಲೆಯಲ್ಲಿ ಉರಿದವು. ಧಣಿ ಹೇಳಿದ್ದು ನಿಜ, ಗಟ್ಟಿ ಮರ, ಬಹಳ ಹೊತ್ತು ಉರಿಯಿತು. ಅದರ ಮೇಲೆ ಕುರಿಮಾಂಸ ಆಲೂಗಡ್ಡೆ ಬೇಯಿಸಿಕೊಂಡು ತಿಂದೆವು. ಲಾಳಿ ತಿರುಗಿ ಕೊಡದಿದ್ದರೆ ಪೊಲೀಸಿಗೆ ಹೇಳುತ್ತೇನೆಂದು ಧಣಿ ಎನಕ್‌ನನ್ನು ಕಳಿಸಿದ. ಹೆಸ್ಟರ್ ಅವನ ಟೋಪಿಯಲ್ಲಿ ಬೂದಿ ತುಂಬಿ ಕಳಿಸಿದಳು.

ಹೊರಗಿದ್ದ ದಿನಗಳು ಸುಲಭವಾಗಿರಲಿಲ್ಲ. ಚಹಾದ ಸೊಪ್ಪನ್ನೇ ಮತ್ತೆ ಮತ್ತೆ ಕುದಿಸಿದೆವು. ಪೇಶನ್ಸ್ ಮದುವೆಯ ಹಾಸಿಗೆಬಟ್ಟೆ ಅಡ ಇಟ್ಟಳು. ಒಬ್ಬಿಬ್ಬರು ರಾತ್ರಿ ಅತ್ತು ಬೆಳಿಗ್ಗೆ ನಾವೇ ಹೋಗಿ ಕ್ಷಮೆ ಕೇಳೋಣ ಎಂದರು. ಆದರೆ ಧಣಿ ನಮಗಿಂತ ಮೊದಲು ಸೋತ. ಬಟ್ಟೆ ಕೊಳ್ಳುವವರು ಅವನ ಬಾಗಿಲಲ್ಲಿ ಕೂತಿದ್ದರು, ಬಾಯಿ ಇಡುವವರು ಯಾರೂ ಸಿಗಲಿಲ್ಲ. ನದಿಯ ಆಚೆಯಂಥ ಲಾಳಿಗಳು ಪೆಟ್ಟಿಗೆ ಪೆಟ್ಟಿಗೆ ಬಂದವು, ನಾವೂ ಮಗ್ಗಕ್ಕೆ ಮರಳಿದೆವು. ಇದು ತನ್ನದೇ ಯೋಚನೆ, ಬಹಳ ದಿನದಿಂದ ಮನಸ್ಸಿನಲ್ಲಿತ್ತು ಎಂದು ಧಣಿ ಪತ್ರಿಕೆಯವರಿಗೆ ಹೇಳಿದ.

ಡಾಕ್ಟರ ವರದಿಯೂ ಬಂತು. ತಾನು ಮಿಲ್ಲಿನಲ್ಲಿ ಇದ್ದಷ್ಟು ಹೊತ್ತು ಲಾಳಿ ಹೀರುವುದರಿಂದ ಯಾರಿಗೂ ಹಾನಿಯಾದದ್ದು ಕಾಣಲಿಲ್ಲ ಎಂದು ಬರೆದಿದ್ದರು. ಸತ್ಯವಂತ ಮನುಷ್ಯ. ಅವರು ಇದ್ದಷ್ಟು ಹೊತ್ತು ಯಾರೂ ಹೀರಲಿಲ್ಲವಲ್ಲ. ಈ ವರದಿಯ ಬಲದ ಮೇಲೆ ಸುತ್ತಮುತ್ತಲ ಊರುಗಳ ಹೆಂಗಸರು ಇನ್ನೂ ಮುತ್ತು ಕೊಡುತ್ತಲೇ ಇದ್ದಾರೆ. ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ನಾವು ಗೆದ್ದದ್ದು ಒಂದು ಶೆಡ್ಡು, ಒಬ್ಬ ತಂಗಿ. ಹೆಸ್ಟರ್ ಆ ಚಳಿಗಾಲ ನಿಂತಿದ್ದಳು. ಅದರ ಮುಂದಿನದಕ್ಕೂ ನಿಂತಿದ್ದಳು. ಗಂಟಲು ಸರಿಮಾಡಿಕೊಂಡರೆ ಅದು ಯಾರನ್ನಾದರೂ ಬಯ್ಯುವುದಕ್ಕೆ ಮಾತ್ರ.

ಧಣಿಗೆ ಮಾತ್ರ ಒಂದು ಹೊಸ ರೋಗ ಅಂಟಿಕೊಂಡಿತು. ಎಲ್ಲಿ ಹೋದರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾನೆ. ಅಂಗಳದಲ್ಲಿ, ಆಫೀಸಿನ ಗಾಜಿನ ಹಿಂದೆ, ಬೀದಿಯಲ್ಲಿ ಗಾಡಿಯೊಳಗೆ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಹೆಂಡತಿಗೆ ಏನಾದರೂ ಹೇಳಬೇಕಾದರೂ ಟೋಪಿಯ ಹಿಂದೆ ಮುಖ ಮರೆಮಾಡುತ್ತಾನೆ. ಮೊನ್ನೆ ದೇವರ ಹಾಡನ್ನೂ ಕೈ ಅಡ್ಡ ಇಟ್ಟುಕೊಂಡು ಹಾಡಿದ.

ಮುಂದಿನ ಸಾಲಿನಲ್ಲಿದ್ದ ಹೆಸ್ಟರ್ ತಿರುಗಿ ಅವನ ಮುಖವನ್ನೇ ನೋಡುತ್ತ ತುಟಿಯಲ್ಲಿ ಒಂದು ಮಾತು ಹೇಳಿದಳು. ನಿಧಾನವಾಗಿ, ಬಾಯಿ ಅಗಲಿಸಿ, ಬಿಡಿಬಿಡಿಯಾಗಿ ಹೇಳಿದಳು. ಇಡೀ ಮಂದಿರದ ಹೆಂಗಸರು ಹಾಡು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೇಶನ್ಸ್‌ಗೆ ಕಣ್ಣೀರು ಬಂತು. ನನ್ನ ಹಲ್ಲು ಕಳಚಿ ಮಡಿಲಿಗೆ ಬಿತ್ತು.

ಧಣಿ ಪಕ್ಕದ ಸಾಲಿನಲ್ಲಿದ್ದ ಎನಕ್ ಕಡೆ ಬಾಗಿದ. "ಏನಂದಳು? ಏನಂದಳು ಅವಳು?"

ಎನಕ್ ಹಾಡಿನ ಪುಸ್ತಕದಿಂದ ತಲೆ ಎತ್ತಲಿಲ್ಲ.

"ದೇವರ ಹಾಡು ಧಣೀ" ಎಂದ. "ಬಹಳ ಸಂತೋಷದ ಜನ."